ಒಂದೇ ಧ್ವನಿಯಲ್ಲಿ ಮೂರು ಸ್ಕ್ರೀನ್ ರೀಡರ್‌ಗಳನ್ನು ಅಳೆದ ನನ್ನ ಅನುಭವ

ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಗಳ ಗುಣಮಟ್ಟದ ಬಗ್ಗೆ ಅಂಧ ಬಳಕೆದಾರರಾದ ನಮ್ಮ ನಡುವೆ ನಡೆಯುವ ವಾದಗಳಲ್ಲಿ ಮುಕ್ಕಾಲು ಪಾಲು ಧ್ವನಿಯ ಕುರಿತ ವಾದಗಳು. ಎಲೋಕ್ವೆನ್ಸ್ ಎಂಬ ಮಾತಿನ ಎಂಜಿನ್ನಿಗೆ ಕಿವಿ ಒಗ್ಗಿದವರು ಇ-ಸ್ಪೀಕ್ ಎಂಬ ಇನ್ನೊಂದು ಎಂಜಿನ್ನಿನ ಗಡಸು ಸದ್ದು ಕೇಳಿದ ಕೂಡಲೇ, ಅದನ್ನು ಬಳಸುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರೇ ಕಳಪೆ ಎಂದು ತೀರ್ಪು ಕೊಡುತ್ತಾರೆ. ಇ-ಸ್ಪೀಕ್‌ನ ವೇಗಕ್ಕೆ ಒಗ್ಗಿದವರಿಗೆ ವಿಂಡೋಸ್‌ನಲ್ಲೇ ಇರುವ ಸ್ಕ್ರೀನ್ ರೀಡರ್ ನರೇಟರ್‌ನ ಸಹಜ ಧ್ವನಿ ಆಕಳಿಕೆ ತರಿಸುತ್ತದೆ. ಮಾತನಾಡುವ ಎಂಜಿನ್ ಬೇರೆ, ಪರದೆಯ ಮೇಲಿರುವುದನ್ನು ಹುಡುಕಿ ಆ ಎಂಜಿನ್ನಿಗೆ ಒಪ್ಪಿಸುವ ತಂತ್ರಾಂಶ ಬೇರೆ ಎಂಬುದು ಎಲ್ಲರಿಗೂ ಗೊತ್ತಿದ್ದರೂ ಹೋಲಿಸುವ ಹೊತ್ತಿಗೆ ಎರಡನ್ನೂ ಬೆರೆಸಿಬಿಡುತ್ತೇವೆ. ಇವೆರಡನ್ನು ಬೇರ್ಪಡಿಸಿ ಅಳೆಯುತ್ತೇನೆ ಎಂದು ನಾನು ಹೊರಟಾಗ, ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದಿಂದಲೂ ಜಾಸ್ ಎಂಬ ಸ್ಕ್ರೀನ್ ರೀಡರನ್ನು ಬಳಸುತ್ತ ಬಂದ ಹಿರಿಯ ಸಹೋದ್ಯೋಗಿಯೊಬ್ಬರು, ಕಿವಿಯ ಅನುಭವವನ್ನು ಅಂಕಿಗಳಲ್ಲಿ ಹಿಡಿಯಲಾಗದು ಎಂದು ಎಲ್ಲರ ಎದುರೇ ಹೇಳಿದ್ದರು. ಈಗ ಅವರೇ ನನ್ನ ಲೆಕ್ಕದ ಹಾಳೆಯ ಪ್ರತಿ ಕೇಳಿ ಪಡೆದಿರುವುದರಿಂದ, ಮಾಡಿದ್ದು ಹೇಗೆ ಎಂಬುದನ್ನು ಬರೆದಿಡುತ್ತಿದ್ದೇನೆ.

ಇದಕ್ಕೆಲ್ಲ ಮೂಲ ಕಾರಣ ದುಡ್ಡು. ನಮ್ಮ ಕಚೇರಿಯಲ್ಲಿ ಅಂಧ ಸಿಬ್ಬಂದಿ ನಾಲ್ಕೈದು ಮಂದಿ ಇದ್ದೇವೆ. ಎಲ್ಲರ ಯಂತ್ರಗಳಲ್ಲೂ ಜಾಸ್ ಇತ್ತು, ಹೊಸ ಆವೃತ್ತಿಗೆ ಏರಬೇಕೆಂದರೆ ಪ್ರತಿ ಪರವಾನಗಿಗೂ ಮತ್ತೆ ಹಣ ಕಟ್ಟಬೇಕಿತ್ತು. ಎಲ್ಲವನ್ನೂ ಕೂಡಿಸಿದರೆ ಹೊಸ ಲ್ಯಾಪ್‌ಟಾಪ್ ಒಂದೆರಡು ಬರುವಷ್ಟು ಮೊತ್ತ. ಲೆಕ್ಕಪತ್ರ ವಿಭಾಗದವರು, ಎನ್‌ವಿಡಿಎ ಪುಕ್ಕಟೆ ಸಿಗುವಾಗ ಇದೇಕೆ ಎಂದು ಕೇಳಿದರು. ಪುಕ್ಕಟೆ ಸಿಗುವುದು ಆಟಕ್ಕೆ ಸರಿ, ಕೆಲಸಕ್ಕೆ ಜಾಸ್ ಒಂದೇ ಎಂದು ಹಿರಿಯರು ಪಟ್ಟು ಹಿಡಿದರು. ಇಬ್ಬರ ಮಾತಿಗೂ ಆಧಾರವಿರಲಿಲ್ಲ. ಟೆಡ್ ಹೆಂಟರ್ 1989ರಲ್ಲಿ ಡಾಸ್‌ಗಾಗಿ ಹೊರತಂದ ಜಾಸ್ ಮತ್ತು ಮೈಕೆಲ್ ಕರನ್ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಬರೆಯತೊಡಗಿದ ಎನ್‌ವಿಡಿಎ ಎರಡೂ ಅಂಧರೇ ತಮ್ಮ ಅಗತ್ಯಕ್ಕಾಗಿ ಕಟ್ಟಲು ಹೊರಟ ತಂತ್ರಾಂಶಗಳು. ಹಣ ಕೊಟ್ಟು ಕೊಂಡದ್ದೇ ಬಾಳಿಕೆ ಬರುತ್ತದೆ ಎಂಬ ಮಾತಿಗೆ ವಿಂಡೋ-ಐಸ್ ಉತ್ತರ ಕೊಟ್ಟಿದೆ. ವರ್ಷಗಟ್ಟಲೆ ಜಾಸ್‌ಗೆ ಸರಿಸಾಟಿಯಾಗಿ ಮಾರಾಟವಾದ ಆ ತಂತ್ರಾಂಶ 2017ರಲ್ಲಿ ನಿಂತೇಹೋಯಿತು.

ಮೊದಲು ಹಿಡಿದ ದಾರಿ ಸ್ಟಾಪ್‌ವಾಚಿನದು. ಜಾಲಪುಟದ ಫಾರ್ಮ್ ತುಂಬುವಂಥ ಒಂದು ಕೆಲಸವನ್ನು ಮೂರು ಸ್ಕ್ರೀನ್ ರೀಡರ್‌ಗಳಲ್ಲೂ ಮಾಡಿ ಸಮಯ ಬರೆದುಕೊಂಡೆವು. ಎರಡನೆಯ ಸಲ ಮಾಡುವಾಗ ಫಾರ್ಮಿನ ಕ್ರಮ ಬಾಯಿಪಾಠವಾಗಿರುತ್ತಿದ್ದುದರಿಂದ ಕೊನೆಗೆ ಬಂದ ತಂತ್ರಾಂಶವೇ ಗೆಲ್ಲುತ್ತಿತ್ತು, ಹೀಗಾಗಿ ಆ ಅಂಕಿಗಳು ಕಸದ ಬುಟ್ಟಿ ಸೇರಿದವು. ಆಮೇಲೆ ಎನ್‌ವಿಡಿಎ ಲಾಗ್ ಮಟ್ಟವನ್ನು ಇನ್‌ಪುಟ್-ಔಟ್‌ಪುಟ್‌ಗೆ ಏರಿಸಿದೆ. ಒತ್ತಿದ ಪ್ರತಿ ಕೀಲಿಯೂ ಆಡಿದ ಪ್ರತಿ ಮಾತೂ ಸಮಯದ ಸಮೇತ ಕಡತದಲ್ಲಿ ಸಿಗುತ್ತದೆ, ಇದಕ್ಕಿಂತ ಸೊಗಸಾದ ದಾಖಲೆ ಇನ್ನೊಂದಿಲ್ಲ. ಜಾಸ್‌ನಲ್ಲಿ ಇನ್ಸರ್ಟ್ ಮತ್ತು ಸ್ಪೇಸ್ ಒತ್ತಿ ಆಮೇಲೆ ಎಚ್ ಒತ್ತಿದರೆ ಆಡಿದ ಮಾತಿನ ಚರಿತ್ರೆ ತೆರೆದುಕೊಳ್ಳುತ್ತದೆ, ಆದರೆ ಅದರಲ್ಲಿ ಕೀಲಿಗಳ ಲೆಕ್ಕವಿಲ್ಲ. ನರೇಟರ್‌ನಲ್ಲಿ ಕೊನೆಯ ಮಾತನ್ನು ಕ್ಲಿಪ್‌ಬೋರ್ಡಿಗೆ ನಕಲಿಸಬಹುದು, ನನ್ನ ಕೆಲಸಕ್ಕೆ ಅಷ್ಟು ಸಾಲದು. ಮೂರಕ್ಕೂ ಒಂದೇ ತಕ್ಕಡಿ ಬೇಕಿದ್ದರೆ ಅದು ತಂತ್ರಾಂಶದ ಹೊರಗಡೆಯೇ ಇರಬೇಕು ಎಂಬುದು ಇಷ್ಟು ಹೊತ್ತಿಗೆ ಖಚಿತವಾಗಿತ್ತು.

ತಕ್ಕಡಿಯಾಗಿ ಒದಗಿದ್ದು ಎರಡು ಚಾನೆಲ್‌ಗಳ ಸಾಧಾರಣ ಧ್ವನಿಮುದ್ರಣ ಯಂತ್ರ. ಎಡ ಚಾನೆಲ್ಲಿಗೆ ಕೀಲಿಮಣೆಯ ಪಕ್ಕ ಅಂಟಿಸಿದ ಪುಟ್ಟ ಮೈಕನ್ನೂ ಬಲ ಚಾನೆಲ್ಲಿಗೆ ಹೆಡ್‌ಫೋನ್ ಕಿಂಡಿಯಿಂದ ಬರುವ ತಂತಿಯನ್ನೂ ಜೋಡಿಸಿದೆ. ಎಡದಲ್ಲಿ ಕೀಲಿಯ ಟಕ್ ಸದ್ದು, ಬಲದಲ್ಲಿ ಸ್ಕ್ರೀನ್ ರೀಡರ್‌ನ ಮಾತು. ಮುದ್ರಿಸಿದ್ದನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು, ಸ್ಟೀರಿಯೋ ಟ್ರ್ಯಾಕನ್ನು ಎರಡಾಗಿ ಒಡೆದು, ಸದ್ದು ಇರುವ ಕಡೆಗಳಿಗೆ ಲೇಬಲ್ ಹಾಕುವ ಸೌಲಭ್ಯವನ್ನು ಒಂದೊಂದರ ಮೇಲೂ ಓಡಿಸಿದರೆ ಪ್ರತಿ ಸದ್ದು ಶುರುವಾದ ಮತ್ತು ಮುಗಿದ ಕ್ಷಣಗಳ ಪಟ್ಟಿ ಸಿದ್ಧವಾಗುತ್ತದೆ. ಆ ಪಟ್ಟಿಯನ್ನು ಪಠ್ಯ ಕಡತವಾಗಿ ರಫ್ತು ಮಾಡಿ ಎಕ್ಸೆಲ್‌ಗೆ ಅಂಟಿಸಿದೆ. ಎಡದ ಸಾಲುಗಳನ್ನು ಎಣಿಸಿದರೆ ಎಷ್ಟು ಕೀಲಿ ಒತ್ತಿದೆ ಎಂದು ತಿಳಿಯುತ್ತದೆ. ಬಲದ ಸಮಯದಿಂದ ಎಡದ ಸಮಯವನ್ನು ಕಳೆದರೆ ಒತ್ತಿದ ಮೇಲೆ ಮಾತು ಹೊರಡಲು ಹಿಡಿದ ಹೊತ್ತು ಸಿಗುತ್ತದೆ. ಎಡದಲ್ಲಿ ಸದ್ದಿದ್ದು ಬಲದಲ್ಲಿ ಏನೂ ಇಲ್ಲದಿದ್ದರೆ ಫೋಕಸ್, ಅಂದರೆ ಕೀಲಿಯ ಒತ್ತು ತಲುಪುವ ಜಾಗ, ಎಲ್ಲಿಗೋ ಹೋಗಿದೆ, ತಂತ್ರಾಂಶ ಬಾಯಿ ಬಿಟ್ಟಿಲ್ಲ ಎಂದರ್ಥ. ಅಲೆಗಳ ಚಿತ್ರ ನೋಡುವ ಕಣ್ಣು ಇದರಲ್ಲಿ ಎಲ್ಲೂ ಬೇಕಾಗುವುದಿಲ್ಲ.

ಇದು ಮೊದಲ ಏಟಿಗೆ ಕೂಡಿಬರಲಿಲ್ಲ. ಲ್ಯಾಪ್‌ಟಾಪಿನ ಒಳಗಿನ ಮೈಕಿನಿಂದ ಮುದ್ರಿಸಿದಾಗ ಗದ್ದಲ ತಗ್ಗಿಸುವ ವ್ಯವಸ್ಥೆ ಕೀಲಿಯ ಸದ್ದನ್ನೇ ಗದ್ದಲವೆಂದು ಬಗೆದು ನುಂಗಿಹಾಕುತ್ತಿತ್ತು. ಬೇರೆ ಮೈಕ್ ತಂದ ಮೇಲೆ ಕೀಲಿ ಒತ್ತುವಾಗ ಒಂದು, ಬಿಡುವಾಗ ಇನ್ನೊಂದು ಸದ್ದಾಗಿ ಎಣಿಕೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಕೀಲಿ ಸದ್ದು ಮಾಡುವುದಿಲ್ಲ ಎಂದು ನಂಬಿಸಿ ಮಾರಿದ ಕೀಲಿಮಣೆಯೊಂದಕ್ಕೂ ಆ ನಡುವೆ ದುಡ್ಡು ಸುರಿದಾಯಿತು, ಅದು ಈಗ ಕಪಾಟಿನಲ್ಲಿದೆ. ಬಿಡುವ ಸದ್ದನ್ನು ಕಡೆಗೆ ಹೇಗೆ ಬೇರ್ಪಡಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಮೈಕ್ ಇಡುವ ಜಾಗಕ್ಕೂ ಲೇಬಲ್ ಸೌಲಭ್ಯದ ಒಂದು ಸಂಖ್ಯೆಗೂ ಸಂಬಂಧಿಸಿದ್ದು, ಪ್ರಯತ್ನಿಸಿದವರಿಗೆ ಒಂದು ಸಂಜೆಯಲ್ಲಿ ಸಿಕ್ಕೇ ಸಿಗುತ್ತದೆ.

ಇನ್ನು ಧ್ವನಿಯ ಪ್ರಶ್ನೆ. ವಿಂಡೋಸ್ ಜೊತೆಗೇ ಬರುವ ಒನ್‌ಕೋರ್ ಧ್ವನಿಗಳನ್ನು ನರೇಟರ್ ಹೇಗೂ ಬಳಸುತ್ತದೆ, ಎನ್‌ವಿಡಿಎಯ ಸಿಂಥಸೈಜರ್ ಪಟ್ಟಿಯಲ್ಲೂ ಅವು ಸಿಗುತ್ತವೆ, ಜಾಸ್‌ನಲ್ಲಿ ಮೈಕ್ರೋಸಾಫ್ಟ್ ಮೊಬೈಲ್ ಎಂಬ ಹೆಸರಿನಡಿ ಇರುತ್ತವೆ. ಮೂರಕ್ಕೂ ಅದೇ ಒಂದು ಇಂಗ್ಲಿಷ್ ಧ್ವನಿಯನ್ನು ಕೊಟ್ಟೆ. ವೇಗದ ಅಳತೆಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲವಾದ್ದರಿಂದ, ಸುಮಾರು ಇನ್ನೂರು ಪದಗಳ ಒಂದೇ ಭಾಗವನ್ನು ಮೂರರಿಂದಲೂ ಓದಿಸಿ, ಮುದ್ರಣದ ಉದ್ದ ಅರ್ಧ ಸೆಕೆಂಡಿನೊಳಗೆ ಹೊಂದುವವರೆಗೆ ವೇಗವನ್ನು ತಿದ್ದಿದೆ. ಕೊಂಡಿ, ಶೀರ್ಷಿಕೆ, ಪಟ್ಟಿ ಎಂದು ಹೇಳುವ ವಿವರಗಳ ಪ್ರಮಾಣವನ್ನು ಸರಿದೂಗಿಸಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು, ಏಕೆಂದರೆ ನರೇಟರ್‌ನಲ್ಲಿ ಅದಕ್ಕೆ ಐದು ಮಟ್ಟಗಳಿದ್ದರೆ ಎನ್‌ವಿಡಿಎಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ಗುರುತಿನ ಪೆಟ್ಟಿಗೆ. ಕೆಲಸದ ಕ್ರಮವನ್ನು ಪ್ರತಿಯೊಬ್ಬರಿಗೂ ಬದಲಿಸಿ, ಫಾರ್ಮುಗಳನ್ನೂ ಪ್ರತಿ ಸಲ ಸ್ವಲ್ಪ ಬೇರೆಯಾಗಿಸಿ, ಬಾಯಿಪಾಠದ ತೊಂದರೆಯನ್ನು ತಪ್ಪಿಸಿದೆ.

ಮೊದಲ ಫಲಿತಾಂಶಕ್ಕೆ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಧ್ವನಿ ಒಂದೇ ಆದಾಗ, ಕೀಲಿ ಒತ್ತಿದ ಮೇಲೆ ಮಾತು ಹೊರಡುವ ಹೊತ್ತಿನಲ್ಲಿ ಮೂರರ ನಡುವಿನ ವ್ಯತ್ಯಾಸ ಕೆಲವು ಹತ್ತು ಮಿಲಿಸೆಕೆಂಡುಗಳಷ್ಟೇ ಇತ್ತು. ಅದೇ ಎನ್‌ವಿಡಿಎಯಲ್ಲಿ ಇ-ಸ್ಪೀಕ್ ಹಾಕಿದರೆ ನೂರು ಮಿಲಿಸೆಕೆಂಡಿನೊಳಗೆ ಮಾತು ಹೊರಡುತ್ತಿತ್ತು, ನಾನು ಹಣ ಕೊಟ್ಟು ಕೊಂಡಿದ್ದ ಸಹಜ ಧ್ವನಿಯೊಂದನ್ನು ಹಾಕಿದರೆ ಕಾಲು ಸೆಕೆಂಡು ದಾಟುತ್ತಿತ್ತು. ಚುರುಕುತನವೆಂದು ನಾವು ಹೊಗಳುವುದು ಬಹುಪಾಲು ಎಂಜಿನ್ನಿನ ಗುಣ. ಇದರ ಬೆನ್ನಿಗೇ ಕುತೂಹಲಕ್ಕೆಂದು ಬ್ಲೂಟೂತ್ ಇಯರ್‌ಫೋನನ್ನೂ ಪರೀಕ್ಷೆಗೆ ಹಚ್ಚಿದೆ. ಅದರ ಗೂಡಿಗೇ ಇನ್ನೊಂದು ಮೈಕ್ ಒತ್ತಿ ಹಿಡಿದು ಮುದ್ರಿಸಿದಾಗ ತಂತಿಯ ಹೆಡ್‌ಫೋನಿಗಿಂತ ಸುಮಾರು ಇನ್ನೂರು ಮಿಲಿಸೆಕೆಂಡು ಹಿಂದೆ ಬಿದ್ದಿತ್ತು, ಮೌನದ ನಂತರದ ಮೊದಲ ಅಕ್ಷರವನ್ನೂ ಆಗಾಗ ಕಚ್ಚಿ ತಿನ್ನುತ್ತಿತ್ತು. ಸ್ಕ್ರೀನ್ ರೀಡರ್ ಬದಲಿಸುವ ಮೊದಲು ತಂತಿಯ ಹೆಡ್‌ಫೋನ್ ಹಾಕಿಕೊಳ್ಳಿ ಎಂದು ನಾನೀಗ ಕೇಳಿದವರಿಗೆಲ್ಲ ಹೇಳುತ್ತೇನೆ.

ನಿಜವಾದ ವ್ಯತ್ಯಾಸ ಹೊರಬಿದ್ದದ್ದು ಫಾರ್ಮುಗಳಲ್ಲಿ. ಇಪ್ಪತ್ತಕ್ಕೂ ಹೆಚ್ಚು ಖಾನೆಗಳಿದ್ದ ಪರೀಕ್ಷೆಯ ಜಾಲಪುಟದಲ್ಲಿ ಏಳೆಂಟು ಖಾನೆಗಳಿಗೆ ಲೇಬಲ್, ಅಂದರೆ ಖಾನೆಯ ಹೆಸರು, ಇಲ್ಲದಂತೆ ಬೇಕೆಂದೇ ಮಾಡಿಸಿದ್ದೆ. ಅಂಥ ಖಾನೆಗೆ ಬಂದಾಗ ಜಾಸ್ ಹತ್ತಿರದ ಪಠ್ಯವನ್ನು ಹುಡುಕಿ ಅದನ್ನೇ ಹೆಸರೆಂದು ಹೇಳಲು ಯತ್ನಿಸುತ್ತದೆ. ಎನ್‌ವಿಡಿಎ ಸಾಮಾನ್ಯವಾಗಿ ಪುಟ ಒಪ್ಪಿಸಿದ್ದನ್ನಷ್ಟೇ ಓದುತ್ತದೆ, ಲೇಬಲ್ ಇಲ್ಲದಿದ್ದರೆ ಬರಿದೇ ಎಡಿಟ್ ಎಂದು ಸುಮ್ಮನಾಗುತ್ತದೆ. ಕೀಲಿಗಳ ಎಣಿಕೆಯಲ್ಲಿ ಜಾಸ್ ಸ್ಪಷ್ಟವಾಗಿ ಮುಂದಿತ್ತು, ನನ್ನ ನೆನಪಿನಂತೆ ಮೂರನೇ ಒಂದು ಭಾಗದಷ್ಟು ಕಡಿಮೆ ಒತ್ತುಗಳು. ಆದರೆ ಎರಡು ಕಂಬಸಾಲುಗಳ ಫಾರ್ಮಿನಲ್ಲಿ ಹತ್ತಿರದ ಪಠ್ಯ ಪಕ್ಕದ ಖಾನೆಗೆ ಸೇರಿದ್ದಾಗಿರಬಹುದು, ಊಹೆಯೆಂಬ ಸೂಚನೆ ಮಾತಿನಲ್ಲಿ ಇಲ್ಲದಿದ್ದರೆ ಜನ್ಮದಿನಾಂಕದ ಜಾಗದಲ್ಲಿ ಇನ್ನೇನೋ ತುಂಬಿ ಮುಂದೆ ಸಾಗುತ್ತೇವೆ. ಒಳ್ಳೆಯದು ಯಾವುದು ಎಂದು ಕೇಳಿದರೆ ನನ್ನ ಉತ್ತರ ಕೆಲಸದ ಮೇಲೆ ನಿಲ್ಲುತ್ತದೆ: ಅವಸರದಲ್ಲಿ ಫಾರ್ಮ್ ತುಂಬುವವರಿಗೆ ಊಹಿಸುವ ತಂತ್ರಾಂಶ ಬೇಕು, ಜಾಲಪುಟ ಸರಿಯಿದೆಯೇ ಎಂದು ಪರೀಕ್ಷಿಸುವ ನನ್ನಂಥವನಿಗೆ ಪುಟದ ದೋಷವನ್ನು ಮುಚ್ಚಿಡದ ತಂತ್ರಾಂಶ ಬೇಕು.

ಎಕ್ಸೆಲ್‌ನಲ್ಲಿ ಜಾಸ್‌ನದೇ ಮೇಲುಗೈ, ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಎನ್‌ವಿಡಿಎಯಲ್ಲೂ ಸಾಲು ಮತ್ತು ಕಂಬಸಾಲಿನ ಶೀರ್ಷಿಕೆಗಳನ್ನು ಗೊತ್ತುಪಡಿಸಬಹುದು, ಸಾಮಾನ್ಯ ಹಾಳೆಗೆ ಅಷ್ಟು ಸಾಕು. ಆದರೆ ಒಟ್ಟು ಮೊತ್ತದಂಥ ಕೆಲವು ಕೋಶಗಳನ್ನು ಮೊದಲೇ ಗುರುತಿಸಿಟ್ಟು, ಹಾಳೆಯ ಯಾವ ಮೂಲೆಯಿಂದಲಾದರೂ ಅಲ್ಲಿಗೆ ಹೋಗದೆಯೇ ಅವುಗಳ ಬೆಲೆ ಕೇಳಿಸಿಕೊಳ್ಳುವ ಜಾಸ್‌ನ ಸೌಲಭ್ಯ ಲೆಕ್ಕದ ಕೆಲಸದವರಿಗೆ ದಿನಕ್ಕೆ ನೂರಾರು ಒತ್ತುಗಳನ್ನು ಉಳಿಸುತ್ತದೆ. ಜೊತೆಗೆ ನಮ್ಮ ಹಳೆಯ ಲೆಕ್ಕಪತ್ರ ತಂತ್ರಾಂಶವೊಂದು, ಅದರ ಹೆಸರು ಬೇಡ, ತನ್ನ ಗುಂಡಿಗಳ ಹೆಸರನ್ನು ಯಾರಿಗೂ ಹೇಳುವುದಿಲ್ಲ. ಅದಕ್ಕೆಂದು ಹಿರಿಯರು ವರ್ಷಗಳ ಹಿಂದೆ ಬರೆದಿಟ್ಟ ಜಾಸ್ ಸ್ಕ್ರಿಪ್ಟುಗಳು ಇವತ್ತಿಗೂ ಓಡುತ್ತಿವೆ. ಎನ್‌ವಿಡಿಎಗೆ ಅದೇ ಕೆಲಸದ ಆಪ್ ಮಾಡ್ಯೂಲನ್ನು, ಅಂದರೆ ಒಂದು ತಂತ್ರಾಂಶಕ್ಕೆಂದೇ ಬರೆಯುವ ಆಡ್-ಆನ್ ತುಣುಕನ್ನು, ಪೈಥಾನ್‌ನಲ್ಲಿ ಬರೆದು ನೋಡಿದೆ, ಅರ್ಧದಷ್ಟು ಪರದೆಗಳು ಮಾತಾಡಿದವು. ಆಡ್-ಆನ್‌ಗಳ ಮೇಲೆ ಕೆಲಸ ಕಟ್ಟಿಕೊಳ್ಳುವವರು ಒಂದನ್ನು ನೆನಪಿಡಬೇಕು: ಸಾಮಾನ್ಯವಾಗಿ ವರ್ಷದ ಮೊದಲ ಆವೃತ್ತಿಯಲ್ಲಿ ಎನ್‌ವಿಡಿಎ ಹಳೆಯ ಆಡ್-ಆನ್‌ಗಳಿಗೆ ಬಾಗಿಲು ಹಾಕುತ್ತದೆ, 2019.3ರಲ್ಲಿ ಪೈಥಾನ್ 3ಕ್ಕೆ ಹಾರಿದಾಗಲಂತೂ ಎಷ್ಟೋ ಆಡ್-ಆನ್‌ಗಳನ್ನು ತಿದ್ದಬೇಕಾಗಿ ಬಂತು.

ನರೇಟರ್ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. ಎಡ್ಜ್ ಬ್ರೌಸರಿನಲ್ಲಿಯೂ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿಯೂ ಅದು ನನ್ನ ನಿರೀಕ್ಷೆಗಿಂತ ಚೆನ್ನಾಗಿ ನಿಂತಿತು, ಉದ್ದನೆಯ ವರ್ಡ್ ಕಡತಗಳಲ್ಲಿ ಒತ್ತುಗಳು ಹೆಚ್ಚಾದವು. ಹೊಸ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದು ಯಾರ ನೆರವೂ ಇಲ್ಲದೆ ಸಜ್ಜುಗೊಳಿಸಲು ವಿಂಡೋಸ್, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಸಾಕೆಂಬ ಒಂದೇ ಕಾರಣಕ್ಕೆ ಅದು ಎಲ್ಲರ ಬೆರಳಿಗೂ ಗೊತ್ತಿರಬೇಕು. ವಾಯ್ಸ್‌ಓವರ್ ಮತ್ತು ಆರ್ಕಾ ಎಂಬ ಸ್ಕ್ರೀನ್ ರೀಡರ್‌ಗಳು ಬೇರೆ ಆಪರೇಟಿಂಗ್ ಸಿಸ್ಟಮ್‌ಗಳವು, ಅವನ್ನು ಈ ತಕ್ಕಡಿಗೆ ಹಾಕಲಿಲ್ಲ.

ಕನ್ನಡವನ್ನೂ ಹೋಲಿಕೆಯಿಂದ ಹೊರಗಿಡಬೇಕಾಯಿತು, ಮೂರರಲ್ಲೂ ಒಂದೇ ಕನ್ನಡ ಧ್ವನಿಯನ್ನು ಕೂಡಿಸಲು ನನ್ನಿಂದಾಗಲಿಲ್ಲ. ಆದರೂ ಕರಡು ತಿದ್ದುವ ನನ್ನ ಕೆಲಸಕ್ಕಾಗಿ ಎನ್‌ವಿಡಿಎಯಲ್ಲಿ ಇ-ಸ್ಪೀಕ್‌ನ ಕನ್ನಡ ಧ್ವನಿಯೊಂದಿಗೆ ಪ್ರತ್ಯೇಕ ಪ್ರಯೋಗ ನಡೆಸಿದೆ. ಆ ಧ್ವನಿ ಕನ್ನಡದ ನಡುವೆ ಬರುವ ಇಂಗ್ಲಿಷ್ ಪದಗಳನ್ನು ಇಂಗ್ಲಿಷಿನಲ್ಲಿಯೇ ಓದುವುದರಿಂದ ಬೆರಕೆ ಬರಹಕ್ಕೆ ಅನುಕೂಲ. ತೊಂದರೆ ಬರುವುದು ಶಕಾರ, ಷಕಾರಗಳಲ್ಲಿ. ವೇಗವಾಗಿ ಓದಿಸುವಾಗ ಎರಡೂ ಒಂದೇ ಸದ್ದಿನಂತೆ ಕೇಳುತ್ತವೆ. ಅನುಮಾನ ಬಂದ ಅಕ್ಷರದ ಮೇಲೆ, ಪಠ್ಯವನ್ನು ಪರಿಶೀಲಿಸಲೆಂದೇ ಇರುವ ರಿವ್ಯೂ ಕರ್ಸರ್ ಇಟ್ಟು ನಂಬರ್ ಪ್ಯಾಡಿನ ಎರಡನ್ನು ಬೇಗ ಬೇಗ ಮೂರು ಸಲ ಒತ್ತಿದರೆ ಅದರ ಸಂಕೇತ ಸಂಖ್ಯೆ ಕೇಳಿಸುತ್ತದೆ. 3254 ಎಂದರೆ ಶ, 3255 ಎಂದರೆ ಷ. ಸ್ತ್ರೀ ಎಂಬ ಒಂದೇ ಅಕ್ಷರದಲ್ಲಿ ಆರು ಯೂನಿಕೋಡ್ ಸಂಕೇತಗಳಿರುವುದರಿಂದ ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿದಾಗ ಏನು ಅಳಿಯಿತು, ಏನು ಉಳಿಯಿತು ಎಂಬುದನ್ನು ಪ್ರತಿ ಸಲವೂ ಕೇಳಿ ಖಚಿತಪಡಿಸಿಕೊಳ್ಳಬೇಕು. ಇದನ್ನೆಲ್ಲ ಒಂದೇ ಒತ್ತಿಗೆ ಇಳಿಸುವ ಉಚ್ಚಾರಣೆಯ ನಿಘಂಟು ಕಡತವೊಂದನ್ನು ನನಗಾಗಿ ಕಟ್ಟಿಕೊಂಡಿದ್ದೇನೆ. ಅದು ನನ್ನ ಅನ್ನದ ದಾರಿಯಾದ್ದರಿಂದ ಸದ್ಯಕ್ಕೆ ನನ್ನಲ್ಲೇ ಇರಲಿ. ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಿಸಿದ ಕಡತಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸದೆ ಯಾವ ಸ್ಕ್ರೀನ್ ರೀಡರ್‌ಗೆ ಕೊಟ್ಟರೂ ಇಂಗ್ಲಿಷ್ ಅಕ್ಷರಗಳ ರಾಶಿಯೇ ಕೇಳಿಸುತ್ತದೆ.

ಎಲ್ಲರೂ ಬಳಸುವುದು ಜಾಸ್ ತಾನೇ ಎಂಬ ಕೊನೆಯ ವಾದವೊಂದು ಉಳಿದಿತ್ತು. ಜಾಲತಾಣಗಳು ಎಲ್ಲರಿಗೂ ಎಟುಕುವಂತೆ ಮಾಡಲು ದುಡಿಯುವ ವೆಬ್‌ಏಮ್ ಸಂಸ್ಥೆ ನಡೆಸುವ ಬಳಕೆದಾರರ ಸಮೀಕ್ಷೆಯಲ್ಲಿ 2021ರಲ್ಲಿ ಜಾಸ್ ತಮ್ಮ ಮುಖ್ಯ ಸ್ಕ್ರೀನ್ ರೀಡರ್ ಎಂದವರು ಶೇ. 54ರ ಹತ್ತಿರ, ಎನ್‌ವಿಡಿಎ ಎಂದವರು ಶೇ. 31ರ ಹತ್ತಿರ ಇದ್ದರು. 2024ರ ಆರಂಭದಲ್ಲಿ ಬಂದ ಫಲಿತಾಂಶದಲ್ಲಿ ಆ ಅಂಕಿಗಳು ಸುಮಾರು 40 ಮತ್ತು 38 ಆಗಿದ್ದವು. ಅದನ್ನೂ ಹಾಳೆಯ ಕೊನೆಯ ಸಾಲಿಗೆ ಸೇರಿಸಿ ಕೊಟ್ಟೆ.

ಕಚೇರಿಯವರು ಲೆಕ್ಕ ವಿಭಾಗದಲ್ಲಿರುವ ಹಿರಿಯರ ಒಂದು ಜಾಸ್ ಪರವಾನಗಿಯನ್ನು ಮಾತ್ರ ನವೀಕರಿಸಿದ್ದಾರೆ. ಉಳಿದ ಯಂತ್ರಗಳಲ್ಲಿ ಎನ್‌ವಿಡಿಎ ಮುಖ್ಯ, ನರೇಟರ್ ಆಪತ್ಕಾಲಕ್ಕೆ, ಎಲ್ಲರ ಕಿವಿಗೂ ತಂತಿಯ ಹೆಡ್‌ಫೋನ್. ಉಳಿದ ಹಣದಲ್ಲಿ ಒಂದು ಪಾಲನ್ನು ಎನ್‌ವಿಡಿಎ ತಯಾರಕರಿಗೆ ದೇಣಿಗೆಯಾಗಿ ಕಳಿಸಬೇಕು ಎಂದು ನಾನು ಬರೆದುಕೊಟ್ಟ ಟಿಪ್ಪಣಿ ಲೆಕ್ಕಪತ್ರ ವಿಭಾಗದ ಮೇಜಿನ ಮೇಲೆ ಇನ್ನೂ ಕೂತಿದೆ. ಅದಕ್ಕೆ ಎರಡನೆಯ ಸಹಿ ಹಾಕಿದವರು ಆ ಹಿರಿಯರೇ.