ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೊರಡುವ ಮುನ್ನ ಎರಡೂ ಕಡೆಯ ವಂಶವೃಕ್ಷ ಬರೆದಿಡಿ

ನಾಲ್ಕು ವರ್ಷದ ಹುಡುಗ ಓಡುವಾಗ ಪದೇ ಪದೇ ಬೀಳುತ್ತಾನೆ. ಮೆಟ್ಟಿಲು ಹತ್ತಲು ಕಷ್ಟಪಡುತ್ತಾನೆ, ಮೀನಖಂಡ ಮಾತ್ರ ದಪ್ಪಗಿದೆ. ಕುಂದಾಪುರದ್ದೋ ಕಾರ್ಕಳದ್ದೋ ಮಕ್ಕಳ ವೈದ್ಯರು ಮಣಿಪಾಲದ ಜೆನೆಟಿಕ್ಸ್ ವಿಭಾಗಕ್ಕೆ ಚೀಟಿ ಬರೆದುಕೊಡುತ್ತಾರೆ. ಅಲ್ಲಿ ನಡೆಯುವುದು ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ವಂಶದಲ್ಲಿ ಹರಿದುಬರುವ ಕಾಯಿಲೆಗಳ ಬಗ್ಗೆ ಮಾಹಿತಿ ಮತ್ತು ಸಲಹೆ. ರಕ್ತ ಕೊಟ್ಟರೆ ಕೆಲಸ ಮುಗಿಯಿತು ಎಂದುಕೊಂಡು ಹೋದವರಿಗೆ ಅಲ್ಲಿ ಎದುರಾಗುವುದು ಪ್ರಶ್ನೆಗಳ ಸಾಲು. ತಾಯಿಗೆ ಎಷ್ಟು ಮಂದಿ ಅಣ್ಣತಮ್ಮಂದಿರು? ಅವರಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ನಡೆಯಲಾಗದೆ ತೀರಿಕೊಂಡಿದ್ದರೇ? ದೊಡ್ಡಮ್ಮನ ಗಂಡುಮಕ್ಕಳು ಹೇಗಿದ್ದಾರೆ? ಇದಕ್ಕೆಲ್ಲ ಉತ್ತರ ಮನೆಯಲ್ಲೇ ಸಿದ್ಧವಾಗಿದ್ದರೆ ಮೊದಲ ಭೇಟಿಯಲ್ಲೇ ಅರ್ಧ ದಾರಿ ಸಾಗಿದಂತೆ.

ಮೊದಲು ವಂಶವೃಕ್ಷ

ದೊಡ್ಡ ಹಾಳೆ ತೆಗೆದುಕೊಳ್ಳಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕಾಯಿಲೆ ಇದ್ದವರ ಗುರುತನ್ನು ಕಪ್ಪು ಮಾಡಿ, ತೀರಿಕೊಂಡವರ ಗುರುತಿನ ಮೇಲೆ ಓರೆಗೆರೆ ಎಳೆಯಿರಿ. ಗರ್ಭಪಾತವಾಗಿದ್ದರೆ ಸಣ್ಣ ತ್ರಿಕೋನ. ಗಂಡ ಹೆಂಡತಿಯನ್ನು ಒಂದು ಗೆರೆಯಿಂದ ಜೋಡಿಸಿ. ಅವರು ಮೊದಲೇ ರಕ್ತಸಂಬಂಧಿಗಳಾಗಿದ್ದರೆ ಜೋಡಿ ಗೆರೆ. ಮಗುವಿನಿಂದ ಹಿಡಿದು ಅಜ್ಜ ಅಜ್ಜಿಯವರೆಗೆ ಮೂರು ತಲೆಮಾರು ಬೇಕು.

ನಮ್ಮ ಕರಾವಳಿಯವರು ಎರಡು ಕಡೆ ಎಡವುತ್ತೇವೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳಲ್ಲಿ ತಾಯಿಯ ಕಡೆಯ ನಾಲ್ಕೈದು ತಲೆಮಾರು ನಾಲಗೆಯ ತುದಿಯಲ್ಲಿರುತ್ತದೆ. ತಂದೆಯ ಅಕ್ಕತಂಗಿಯರ ಮಕ್ಕಳ ಹೆಸರು ಕೇಳಿದರೆ ತಡವರಿಸುತ್ತೇವೆ. ಕೌನ್ಸೆಲರ್‌ಗೆ ಎರಡೂ ಬೇಕು. ಆ ಹುಡುಗನಲ್ಲಿ ಕಂಡಂಥ ಲಕ್ಷಣಗಳ ಡುಷೆನ್ ಸ್ನಾಯುಕ್ಷಯ, ರಕ್ತ ಬೇಗ ಹೆಪ್ಪುಗಟ್ಟದ ಹಿಮೋಫಿಲಿಯಾದಂಥ ಕಾಯಿಲೆಗಳು ಹೆಚ್ಚಾಗಿ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತವೆ, ಅವುಗಳಲ್ಲಿ ಸೋದರಮಾವಂದಿರ ಆರೋಗ್ಯವೇ ದೊಡ್ಡ ಸುಳಿವು ನಿಜ. ರಕ್ತದ ಕಾಯಿಲೆಯಾದ ಥಲಸ್ಸೀಮಿಯಾ ಹಾಗಲ್ಲ, ಅದು ತಂದೆ ತಾಯಿ ಇಬ್ಬರಿಂದಲೂ ಬರಬೇಕು.

ಎರಡನೆಯದು ಬಳಿಯ, ಅಂದರೆ ತಾಯಿಯ ಕಡೆಯಿಂದ ಬರುವ ಕುಲದ ಲೆಕ್ಕ. ಸೋದರಮಾವನ ಮಗಳ ಬಳಿ ಬೇರೆ, ಆದ್ದರಿಂದ ಸಂಬಂಧವಿಲ್ಲ ಎಂದು ಹೇಳಿಬಿಡುತ್ತಾರೆ. ಆದರೆ ಅವಳಿಗೂ ಅವಳನ್ನು ಮದುವೆಯಾದ ಹುಡುಗನಿಗೂ ಸರಾಸರಿ ಎಂಟನೇ ಒಂದು ಪಾಲು ವಂಶವಾಹಿಗಳು ಸಮಾನ. ಇದರಲ್ಲಿ ಅವಮಾನಪಡುವಂಥದ್ದು ಏನೂ ಇಲ್ಲ, ಮುಚ್ಚಿಡಬೇಡಿ. ಅಂಥ ಮದುವೆಗಳಲ್ಲಿ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಯಾವ ಪರೀಕ್ಷೆ ಮಾಡಿಸಬೇಕೆಂದು ತೀರ್ಮಾನಿಸಲು ಆ ಜೋಡಿ ಗೆರೆ ಬೇಕು, ಅಷ್ಟೆ.

ಹಿರಿಯರನ್ನು ಕೇಳಲು ಒಳ್ಳೆಯ ಹೊತ್ತೆಂದರೆ ಕುಟುಂಬದ ಮನೆಯಲ್ಲಿ ದೈವದ ತಂಬಿಲಕ್ಕೋ ನೇಮಕ್ಕೋ ಎಲ್ಲರೂ ಸೇರಿದಾಗ. ಮುಂಬೈ, ದುಬೈನಲ್ಲಿರುವವರಿಗೆ ಫೋನ್ ಮಾಡಿ. ‘ದೋಷದಿಂದ ಹೋದ ಮಗು’ ಎಂದು ಯಾರಾದರೂ ಹೇಳಿದರೆ ವಾದಕ್ಕಿಳಿಯದೆ, ಎಷ್ಟು ತಿಂಗಳಿನದು, ಹಾಲು ಕುಡಿಯುತ್ತಿತ್ತೇ, ಫಿಟ್ಸ್ ಬರುತ್ತಿತ್ತೇ ಎಂದು ಮೆಲ್ಲಗೆ ವಿಚಾರಿಸಿ. ಮಗುವನ್ನು ಕಳೆದುಕೊಂಡ ಅಜ್ಜಿಗೆ ಅದು ಇಂದಿಗೂ ಹಸಿ ಗಾಯ.

ಎದುರು ಕೂತವರು ಯಾರು?

ಕೌನ್ಸೆಲರ್ ಎಂದರೆ ಧೈರ್ಯ ಹೇಳುವವರು ಮಾತ್ರವೆಂದು ತಿಳಿಯಬೇಡಿ. ಈ ವೃತ್ತಿಗೆ ಮೊದಲ ಸ್ನಾತಕೋತ್ತರ ಕೋರ್ಸ್ ಆರಂಭವಾದದ್ದು 1969ರಲ್ಲಿ, ಅಮೆರಿಕದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ. ಈಗ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲೇ ಎರಡು ವರ್ಷದ ಎಂ.ಎಸ್ಸಿ. ಇದೆ. ಜೀವವಿಜ್ಞಾನದ ಪದವೀಧರರಿಗೆ ಒಳ್ಳೆಯ ದಾರಿ ಇದು. ಜೀನ್‌ಗಳ ಪಾಠದ ಜೊತೆಗೆ ವರದಿ ಓದುವುದು, ಅಪಾಯದ ಲೆಕ್ಕ ಹಾಕುವುದು, ಕೆಟ್ಟ ಸುದ್ದಿಯನ್ನು ಹೇಗೆ ಹೇಳಬೇಕೆಂಬುದು ಎಲ್ಲವನ್ನೂ ರೋಗಿಗಳ ನಡುವೆಯೇ ಕಲಿಯಬೇಕು. ನನ್ನ ದೃಷ್ಟಿಯಲ್ಲಿ ತುಳು, ಕುಂದಾಪುರ ಕನ್ನಡ, ಬ್ಯಾರಿ, ಕೊಂಕಣಿ ಬಲ್ಲ ನಮ್ಮೂರ ಮಕ್ಕಳು ಈ ಕೆಲಸಕ್ಕೆ ಬರಬೇಕು. ಅಜ್ಜಿಯರು ಬಾಯಿ ಬಿಡುವುದು ತಮ್ಮ ಭಾಷೆಯಲ್ಲಿ.

ಕೇಳಲೇಬೇಕಾದ ಪ್ರಶ್ನೆಗಳು

ಲೆಕ್ಕವನ್ನು ಬಿಡಿಸಿ ಹೇಳಲು ಕೇಳಿ. ಗಂಡ ಹೆಂಡತಿ ಇಬ್ಬರೂ ಥಲಸ್ಸೀಮಿಯಾ ವಾಹಕರಾಗಿದ್ದರೆ (ತಮಗೆ ಕಾಯಿಲೆ ಇಲ್ಲದೆ ತಪ್ಪಿರುವ ಜೀನ್ ಹೊತ್ತವರಾಗಿದ್ದರೆ) ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25. ಇದು ಪ್ರತಿ ಬಸಿರಿಗೂ ಹೊಸದಾಗಿ ಅನ್ವಯ. ಮೊದಲ ಮಗುವಿಗೆ ಬಂದಿದೆ, ಇನ್ನು ಮೂರು ಮಕ್ಕಳಿಗೆ ಬರುವುದಿಲ್ಲ ಎಂಬ ಲೆಕ್ಕ ತಪ್ಪು. ಜೀನ್ ಪರೀಕ್ಷೆಯ ವರದಿಯಲ್ಲಿ ಕೆಲವೊಮ್ಮೆ ‘ಅರ್ಥ ಸ್ಪಷ್ಟವಿಲ್ಲದ ಬದಲಾವಣೆ’ ಎಂದಿರುತ್ತದೆ. ಅದು ಕಾಯಿಲೆ ಇದೆ ಎಂಬ ತೀರ್ಪಲ್ಲ. ಒಂದೆರಡು ವರ್ಷ ಬಿಟ್ಟು ಮತ್ತೆ ವಿಚಾರಿಸಿ.

ಇನ್ನೊಂದು ಮಗು ಬೇಕೆಂದಿದ್ದರೆ ಬಸಿರಾಗುವ ಮೊದಲೇ ಹೋಗಿ. ಮಾಸಿನ ಚೂರು ತೆಗೆದು ನೋಡುವ ಪರೀಕ್ಷೆ 11ರಿಂದ 13ನೇ ವಾರದಲ್ಲಿ, ಗರ್ಭಜಲದ ಪರೀಕ್ಷೆ 15ನೇ ವಾರದ ನಂತರ. ಮೊದಲ ಮಗುವಿನ ಯಾವ ಜೀನ್‌ನಲ್ಲಿ ತಪ್ಪಿದೆ ಎಂದು ಗೊತ್ತಿಲ್ಲದಿದ್ದರೆ ಆಗ ಹುಡುಕುವುದಾದರೂ ಏನನ್ನು? ಮೊದಲ ಮಗುವಿನ ಜೀನ್ ವರದಿ ಬರಲು ವಾರಗಟ್ಟಲೆ ಹಿಡಿಯುತ್ತದೆ. ಬಸಿರಿನಲ್ಲಿ ಮಾಡುವ ಇಂಥ ಪರೀಕ್ಷೆಗೆ ಮುನ್ನ ತಾಯಿಗೆ ತಿಳಿಯುವ ಭಾಷೆಯಲ್ಲೇ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಅವಳಿಗೆ ಕೊಡಬೇಕೆಂದು ಪ್ರಸವಪೂರ್ವ ಪರೀಕ್ಷೆಗಳ 1994ರ ಕಾಯ್ದೆಯೇ ಹೇಳುತ್ತದೆ. ಕನ್ನಡದ ನಮೂನೆ ಕೇಳಿ ಪಡೆಯಿರಿ. ಭ್ರೂಣದ ಲಿಂಗ ಮಾತ್ರ ಯಾರೂ ಹೇಳುವಂತಿಲ್ಲ.

ಮುಂದೇನು ಮಾಡಬೇಕೆಂದು ಕೌನ್ಸೆಲರ್ ನಿರ್ಧರಿಸಿ ಕೊಡುವುದಿಲ್ಲ, ನಿರ್ಧಾರ ನಿಮ್ಮದು. ‘ನೀವೇ ಹೇಳಿಬಿಡಿ’ ಎಂದು ಅವರನ್ನು ಒತ್ತಾಯಿಸುವ ಬದಲು, ಒಂದೊಂದು ದಾರಿಯಲ್ಲೂ ಏನೇನಾಗಬಹುದು ಎಂದು ಕೇಳಿ.

ಹೊರಡುವಾಗ ಎಲ್ಲವನ್ನೂ ಸಾರಾಂಶವಾಗಿ ಬರೆದ ಪತ್ರ ಕೇಳಿ. ತಾಯಿ ವಾಹಕಳೆಂದು ತಿಳಿದರೆ ಅವಳ ಅಕ್ಕತಂಗಿಯರಿಗೂ ಪರೀಕ್ಷೆ ಬೇಕಾಗಬಹುದು. ಮದುವೆಯ ಮಾತುಕತೆ ನಡೆಯುತ್ತಿರುವ ತಂಗಿಗೆ ಆ ಪತ್ರದ ಪ್ರತಿ ಮೊದಲು ತಲುಪಲಿ.