ಪ್ಲಾಸ್ಟಿಕ್ ಸುತ್ತಿಟ್ಟ ಡೇರೆ ಗೆಡ್ಡೆಗಳು ಬದುಕಿದವು

ಮೊನ್ನೆ ಡಬ್ಬಿ ತೆರೆದು ಎಣಿಸಿದೆ. ಚಳಿಗಾಲಕ್ಕೆ ಮುಂಚೆ ಮುಂದಿನ ಸಲ ನೆಡಲೆಂದು 70 ಡೇರೆ (ಡೇಲಿಯಾ) ಗೆಡ್ಡೆಗೆ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೆ, 64 ಗಟ್ಟಿಯಾಗಿವೆ. ಮೊದಲ ವರ್ಷ ಇದೇ ಹೊತ್ತಿಗೆ ಎಣಿಸಿದಾಗ 40ರಲ್ಲಿ 9 ಸಿಕ್ಕಿತ್ತು. ಪ್ಲಾಸ್ಟಿಕ್ ಸುತ್ತಿದರೆ ಗೆಡ್ಡೆ ಒಂದೇ ತಿಂಗಳಲ್ಲಿ ಕೊಳೆತು ನಾರುತ್ತದೆ ಅಂತ ಹೇಳಿದವರೆಲ್ಲ ನನಗಿಂತ ಜಾಸ್ತಿ ವರ್ಷ ಡೇರೆ ಬೆಳೆದವರು. ಅವರ ಮಾತು ಮೀರುವ ಧೈರ್ಯ ನನಗೂ ಇರಲಿಲ್ಲ. ಈಗ ಲೆಕ್ಕ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಎಲ್ಲರೂ ಹೇಳಿದ ಹಾಗೆ ಗಿಡದ ಬುಡದ ಗೆಡ್ಡೆ ಗೊಂಚಲನ್ನು ಇಡಿಯಾಗಿ ಕಿತ್ತು, ತೊಳೆದು, ಕೋಕೋಪಿಟ್ (ತೆಂಗಿನ ನಾರಿನ ಪುಡಿ) ತುಂಬಿದ ಡಬ್ಬಿಯಲ್ಲಿ ಹೂತಿಟ್ಟೆ. ಎರಡು ತಿಂಗಳು ತೆರೆದು ನೋಡಲಿಲ್ಲ, ಅದೇ ತಪ್ಪು. ತೆಗೆದಾಗ ಹೊರಗಿನಿಂದ ಗೆಡ್ಡೆ ಚೆನ್ನಾಗೇ ಕಾಣುತ್ತಿತ್ತು. ಕುತ್ತಿಗೆಯ ಹತ್ತಿರ, ಅಂದರೆ ಗೆಡ್ಡೆ ಸಣ್ಣಗಾಗಿ ಕಾಂಡಕ್ಕೆ ಸೇರುವ ಕಡೆ, ಹೆಬ್ಬೆರಳು ಒತ್ತಿದೆ, ಬೆರಳು ಸೀದಾ ಒಳಗೆ ಹೋಯಿತು. ಕಂದು ನೀರು, ಕೆಟ್ಟ ವಾಸನೆ. ಡೇರೆಯ ಕಾಂಡ ಒಳಗೆ ಟೊಳ್ಳು, ತೊಳೆದಾಗ ಅದರೊಳಗೆ ನೀರು ನಿಂತಿತ್ತು, ಆ ನೀರೇ ಇಳಿದು ತಲೆಯನ್ನು, ಅಂದರೆ ಗೆಡ್ಡೆಗಳು ಸೇರುವ ಕಾಂಡದ ಬುಡವನ್ನು, ಕೊಳೆಸಿತು. ತಲೆ ಹೋದರೆ ಗೆಡ್ಡೆ ಎಷ್ಟು ದಪ್ಪ ಇದ್ದರೂ ಪ್ರಯೋಜನ ಇಲ್ಲ, ಚಿಗುರೊಡೆಯುವ ಕಣ್ಣೆಲ್ಲ ಇರುವುದು ಅಲ್ಲೇ ಅಲ್ವಾ.

ಎರಡನೇ ವರ್ಷ ಹೆದರಿ ಇನ್ನೊಂದು ಕೊನೆಗೆ ಹೋದೆ. ಪೇಪರ್ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಒಣಗಲು ಬಿಟ್ಟೆ. ಕೊಳೆ ಒಂದೂ ಇಲ್ಲ. ಆದರೆ ತೆಳ್ಳಗಿನ ಗೆಡ್ಡೆಗಳೆಲ್ಲ ಕಡ್ಡಿಯಂತೆ ಒಣಗಿ ಹೋದವು, ಬಗ್ಗಿಸಿದರೆ ಚರ್ಮದ ಪಟ್ಟಿಯ ಹಾಗೆ ಬಾಗುತ್ತಿದ್ದವು. ದಪ್ಪಗಿದ್ದ ಹತ್ತೋ ಹನ್ನೆರಡೋ ಉಳಿದವು.

ದುಡ್ಡಿನ ನೋವು ಹೇಳಲೇಬೇಕು. ಊಟದ ತಟ್ಟೆಯಷ್ಟು ಅಗಲ ಹೂ ಬಿಡುವ ಒಂದು ಕೆಂಪು ತಳಿಯನ್ನು ನಾನು ಮೂರು ಸಲ ಕೊಂಡಿದ್ದೇನೆ. ಅದರಲ್ಲಿ ಒಂದು ಸಲ ಬಂದ ಐದು ಗೆಡ್ಡೆಗಳಲ್ಲಿ ಮೂರಕ್ಕೆ ಕಣ್ಣೇ ಇರಲಿಲ್ಲ. ಕುತ್ತಿಗೆಯಿಂದ ಕೆಳಗೆ ಮುರಿದ ಗೆಡ್ಡೆಯನ್ನೇ ಕಳಿಸಿದ್ದರು. ಡೇರೆ ಆಲೂಗಡ್ಡೆ ಅಲ್ಲ, ಮೈಮೇಲೆಲ್ಲ ಕಣ್ಣು ಬರುವುದಿಲ್ಲ. ಅಂಥ ಗೆಡ್ಡೆ ಮಣ್ಣಿನಲ್ಲಿ ಬೇರು ಬಿಡುತ್ತದೆ, ವರ್ಷ ಪೂರ್ತಿ ಗಟ್ಟಿಯಾಗೇ ಇರುತ್ತದೆ, ಆದರೆ ಚಿಗುರು ಮಾತ್ರ ಬರುವುದಿಲ್ಲ. ನಾನು ನಾಲ್ಕು ತಿಂಗಳು ನೀರು ಹಾಕುತ್ತಾ ಕಾದೆ.

ಮೂರನೇ ವರ್ಷ ಕೂತು ಯೋಚನೆ ಮಾಡಿದೆ. ಮೆಕ್ಸಿಕೋದ ಬೆಟ್ಟಗಳಲ್ಲಿ ಈ ಗಿಡ ತಾನಾಗಿ ಬೆಳೆಯುತ್ತದೆ, ಮಳೆ ಇಲ್ಲದ ತಿಂಗಳುಗಳಲ್ಲಿ ಮಣ್ಣಿನೊಳಗೆ ಸುಮ್ನೆ ಮಲಗಿರುತ್ತದೆ. ಅಲ್ಲಿ ಯಾರೂ ನೀರು ಹಾಕುವುದಿಲ್ಲ, ಆದರೆ ಸುತ್ತ ಮಣ್ಣು ಒತ್ತಿಕೊಂಡಿರುವುದರಿಂದ ಗೆಡ್ಡೆಯ ನೀರು ಹೊರಗೂ ಹೋಗುವುದಿಲ್ಲ. ಅಂದರೆ ಗೆಡ್ಡೆಗೆ ಬೇಕಾದ ನೀರು ಗೆಡ್ಡೆಯಲ್ಲೇ ಇದೆ, ನಾವು ಅದನ್ನು ಒಳಗೆ ಹಿಡಿದಿಟ್ಟರೆ ಸಾಕು. ಹಾಗಾಗಿ ಹನ್ನೆರಡು ಗೆಡ್ಡೆಗೆ ಮಾತ್ರ ಅಡುಗೆಮನೆಯ ಕ್ಲಿಂಗ್ ಫಿಲ್ಮ್ (ಆಹಾರಕ್ಕೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ) ಸುತ್ತಿಟ್ಟೆ. ಹನ್ನೊಂದು ಉಳಿದವು. ಅದೇ ವರ್ಷ ಒಂದಷ್ಟು ಗೆಡ್ಡೆಗಳನ್ನು ಫ್ರಿಜ್ಜಿನಲ್ಲೂ ಇಟ್ಟು ನೋಡಿದೆ. ತರಕಾರಿ ಡ್ರಾಯರಿನಲ್ಲಿದ್ದವು ಪರವಾಗಿಲ್ಲ, ಹಿಂದಿನ ಗೋಡೆಗೆ ತಾಗಿದ್ದವು ಹೆಪ್ಪುಗಟ್ಟಿ, ಹೊರಗೆ ತೆಗೆದ ಅರ್ಧ ಗಂಟೆಗೆ ಮುದ್ದೆಯಾದವು. ಒಮ್ಮೆ ಹೆಪ್ಪುಗಟ್ಟಿದ ಡೇರೆ ಗೆಡ್ಡೆಗೆ ಮತ್ತೆ ಜೀವ ಇಲ್ಲ.

ಈ ವರ್ಷ ಎಲ್ಲದಕ್ಕೂ ಫಿಲ್ಮ್. ಮಾಡಿದ್ದು ಹೀಗೆ. ಗಿಡವನ್ನು ಗೇಣುದ್ದ ಬಿಟ್ಟು ಕತ್ತರಿಸಿ ಒಂದು ವಾರ, ಹತ್ತು ದಿನ ಮಣ್ಣಲ್ಲೇ ಬಿಟ್ಟೆ. ಆಗ ಕಣ್ಣು ಉಬ್ಬುತ್ತದೆ, ಗುರುತಿಸುವುದು ಸುಲಭ. ಆಮೇಲೆ ಅಗಲವಾಗಿ ಸುತ್ತ ಬಿಡಿಸಿ ಕೆಳಗಿನಿಂದ ಕೈ ಕೊಟ್ಟು ಎತ್ತಬೇಕು. ಕಾಂಡ ಹಿಡಿದು ಎಳೆದರೆ ಕುತ್ತಿಗೆ ಮುರಿಯುತ್ತದೆ, ಆ ಮುರುಕು ಕೆಲವೊಮ್ಮೆ ಚರ್ಮದ ಒಳಗೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತೊಳೆದು, ಕಾಂಡ ತಲೆಕೆಳಗು ಮಾಡಿ ನೀರು ಬಸಿದು, ಅದೇ ದಿನ ಭಾಗ ಮಾಡಿದೆ. ಬೇಸಿಗೆ ಮೊದಲಲ್ಲಿ ಭಾಗ ಮಾಡಿ ಅನ್ನುವವರು ಬಹಳ ಜನ. ಅಷ್ಟು ಹೊತ್ತಿಗೆ ತಲೆ ಮರದ ಹಾಗೆ ಗಟ್ಟಿಯಾಗಿ ಚಾಕು ಜಾರುತ್ತದೆ, ನನ್ನ ಎಡಗೈಯಲ್ಲಿ ಅದರ ಗಾಯದ ಗುರುತಿದೆ. ಕಣ್ಣು, ತಲೆಯ ಚೂರು, ಗಟ್ಟಿ ಕುತ್ತಿಗೆ, ಈ ಮೂರೂ ಇದ್ದ ತುಂಡನ್ನು ಮಾತ್ರ ಇಟ್ಟುಕೊಂಡೆ. ಹಿಂದಿನ ವರ್ಷ ನೆಟ್ಟ ತಾಯಿ ಗೆಡ್ಡೆಯನ್ನು ಬಿಸಾಕಿದೆ. ಕಪ್ಪಗೆ ಒರಟಾಗಿರುತ್ತದಲ್ಲ, ಅದು, ಎಷ್ಟೋ ಸಲ ಕೊಳೆ ಶುರುವಾಗುವುದು ಅದರಿಂದ. ಒಂದು ಗೊಂಚಲಿನಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಬ್ಲೀಚ್ ನೀರಿಗೆ ಅದ್ದುತ್ತಿದ್ದೆ, ಒಂದು ಪಾಲು ಬ್ಲೀಚಿಗೆ ಸುಮಾರು ಹತ್ತು ಪಾಲು ನೀರು. ಕತ್ತರಿಸಿದ ಕಡೆ ಗಂಧಕದ ಪುಡಿ.

ಆಮೇಲೆ ಒಣಗಿಸುವುದು. ಸೋತವರೆಲ್ಲ ಸೋಲುವುದು ಇಲ್ಲೇ. ಗಾಯ ಒಣಗಬೇಕು, ಚರ್ಮ ಸುಕ್ಕಬಾರದು. ಒಂದು ದಿನವೋ ಎರಡು ದಿನವೋ ಹೇಳುವುದಕ್ಕಾಗುವುದಿಲ್ಲ, ನಾನು ಗಡಿಯಾರ ನೋಡುವುದಿಲ್ಲ, ಗೆಡ್ಡೆಯನ್ನು ಮುಟ್ಟಿದಾಗ ಒಂದು ಗುರುತು ಸಿಗುತ್ತದೆ. ಆ ಗುರುತು ಹುಡುಕಲು ನನಗೆ ಎರಡು ವರ್ಷ ಹಿಡಿಯಿತು, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಫಿಲ್ಮ್ ಉದ್ದಕ್ಕೆ ಹಾಸಿ, ಒಂದು ಗೆಡ್ಡೆ ಇಟ್ಟು ಒಂದು ಸುತ್ತು, ಮತ್ತೊಂದು ಇಟ್ಟು ಮತ್ತೊಂದು ಸುತ್ತು, ಹೀಗೆ ಐದೈದು. ಒಂದರ ಮೈ ಇನ್ನೊಂದಕ್ಕೆ ತಾಗಲೇಬಾರದು. ಕೊಳೆತ ಆರರಲ್ಲಿ ಒಂದರ ಕೊಳೆಯೂ ಪಕ್ಕದ್ದಕ್ಕೆ ಹೋಗಿಲ್ಲ. ತಳಿಯ ಹೆಸರನ್ನು ಗೆಡ್ಡೆಯ ಮೈಮೇಲೇ ಮಾರ್ಕರಿನಲ್ಲಿ ಬರೆದೆ, ಚೀಟಿ ನಂಬಿ ಕೆಟ್ಟಿದ್ದೇನೆ. ಇಟ್ಟಿದ್ದು ಕತ್ತಲಲ್ಲಿ, 5ರಿಂದ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಿಂಗಳಿಗೊಮ್ಮೆ ಸುರುಳಿ ಎತ್ತಿ ಬೆಳಕಿಗೆ ಹಿಡಿದರೆ ಸಾಕು, ಬಿಚ್ಚದೆ ಎಲ್ಲ ಕಾಣುತ್ತದೆ. ಒಳಗೆ ಹನಿ ಕಂಡರೆ ಬಿಚ್ಚಿ, ಒರೆಸಿ, ಒಂದು ದಿನ ಆರಲು ಬಿಟ್ಟು ಮತ್ತೆ ಸುತ್ತಬೇಕು. ಖರ್ಚು? ಒಳ್ಳೆಯ ತಳಿಯ ಒಂದು ಗೆಡ್ಡೆಗೆ ಕೊಡುವ ದುಡ್ಡಿನ ಅರ್ಧವೂ ಆಗಲಿಲ್ಲ, ಅರ್ಧ ಸುರುಳಿ ಇನ್ನೂ ಉಳಿದಿದೆ. ಗೆಡ್ಡೆ ಹೂತಿಡಲು ಬಳಸುವ ವರ್ಮಿಕ್ಯುಲೈಟಿಗೆ (ಹಗುರ ಖನಿಜದ ಚೂರು) ಇದರ ಐದಾರು ಪಟ್ಟು ಸುರಿದಿದ್ದೆ.

ಇನ್ನು ಕಟ್ಟಿಂಗ್, ಅಂದರೆ ಚಿಗುರು ಕತ್ತರಿಸಿ ನೆಟ್ಟು ಹೊಸ ಗಿಡ ಮಾಡುವುದು. ನನಗೆ ಇದರಲ್ಲೇ ಜಾಸ್ತಿ ಖುಷಿ. ಆ ಕೆಂಪು ತಳಿಯ ಒಂದೇ ಗೆಡ್ಡೆಯಿಂದ ಹೋದ ವರ್ಷ 14 ಗಿಡ ಮಾಡಿದೆ, ಮೂರು ಸಲ ಕೊಟ್ಟ ದುಡ್ಡು ವಾಪಸ್ ಬಂದ ಹಾಗೆ ಆಯಿತು. ಗೆಡ್ಡೆಯನ್ನು ಟ್ರೇನಲ್ಲಿ ಕೂರಿಸಿ, ತಲೆ ಮೇಲೆ ಕಾಣುವ ಹಾಗೆ ಬಿಟ್ಟು, ಬೆಚ್ಚಗಿನ ಬೆಳಕಿನ ಜಾಗದಲ್ಲಿ ಇಟ್ಟಿದ್ದೆ. ಚಿಗುರು ಮೂರು ಇಂಚು ಆದಾಗ ಬುಡದ ಜೋಡಿ ಎಲೆ ಉಳಿಸಿ ಕತ್ತರಿಸಿದರೆ ಆ ಎರಡೂ ಎಲೆಯ ಬುಡದಿಂದ ಮತ್ತೆ ಎರಡು ಬರುತ್ತವೆ. ಮೊದಮೊದಲು ದಪ್ಪ ಚಿಗುರೇ ಒಳ್ಳೆಯದು ಅಂದುಕೊಂಡು ಅದನ್ನೇ ನೆಟ್ಟು ಇಪ್ಪತ್ತರಷ್ಟು ಕಳೆದುಕೊಂಡೆ. ದಪ್ಪದ್ದು ಒಳಗೆ ಟೊಳ್ಳಾಗಿರುತ್ತದೆ, ಬೇರು ಬಿಡುವ ಮೊದಲೇ ಕೊಳೆಯುತ್ತದೆ. ಒಳಗೆ ತುಂಬಿಕೊಂಡಿರುವ ತೆಳು ಚಿಗುರು ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ನೆಡುವ ಮಿಶ್ರಣದಲ್ಲಿ ನಾನು ಸೇರಿಸುವ ಒಂದು ವಸ್ತು ಇದೆ, ಅದನ್ನು ಇನ್ನೊಂದು ವರ್ಷ ನೋಡಿ ಆಮೇಲೆ ಹೇಳುತ್ತೇನೆ.

ಇದರ ಜೊತೆ ಇನ್ನೊಂದು ಪ್ರಯೋಗ ಮಾಡಿದೆ. ಹಗಲು 12 ಗಂಟೆಗಿಂತ ಕಡಿಮೆಯಾದರೆ ಡೇರೆ ಗೆಡ್ಡೆ ಕಟ್ಟುವ ಕೆಲಸಕ್ಕೆ ಇಳಿಯುತ್ತದೆ. ಒಂದೇ ತಳಿಯ ನಾಲ್ಕು ಕಟ್ಟಿಂಗ್ ತೆಗೆದುಕೊಂಡು ಎರಡಕ್ಕೆ ಸಂಜೆಯೂ ದೀಪ ಹಾಕಿ 14 ಗಂಟೆ ಬೆಳಕು ಕೊಟ್ಟೆ, ಎರಡನ್ನು ಹಾಗೇ ಬಿಟ್ಟೆ. ದೀಪದ ಕೆಳಗಿನವು ಎಲೆ ಮೇಲೆ ಎಲೆ ಬಿಟ್ಟವು, ಅಗೆದರೆ ಬರೀ ಬೇರು. ಹಾಗೇ ಬಿಟ್ಟವು ಚಿಕ್ಕ ಕುಂಡದ ತಳದಲ್ಲಿ ಮುಷ್ಟಿಯಷ್ಟು ಗಟ್ಟಿ ಗೊಂಚಲು ಕಟ್ಟಿದ್ದವು. ಹೀಗೆ ಕುಂಡದಲ್ಲಿ ಕಟ್ಟಿದ ಗೆಡ್ಡೆಯನ್ನು ಕೀಳದೆ, ಮಣ್ಣಿನ ಸಮೇತ ಒಣಗಿಸಿಟ್ಟರೆ ಅದರಷ್ಟು ಚೆನ್ನಾಗಿ ಬೇರೆ ಯಾವುದೂ ಉಳಿಯುವುದಿಲ್ಲ.

ಒಂದು ಮಾತ್ರ ಮನಸ್ಸಿಗೆ ಕಷ್ಟವಾಯಿತು. ನನ್ನ ಹಳದಿ ಡೇರೆಯ ತಲೆಯಲ್ಲಿ ಹೂಕೋಸಿನ ಹಾಗೆ ಗಂಟು ಗಂಟಾಗಿ ಚಿಗುರು ಒತ್ತಿತ್ತು. ಅದು ರೋಗ, ಚಾಕುವಿನಿಂದಲೂ ಹರಡುತ್ತದೆ. ಏಳೂ ಗೆಡ್ಡೆಯನ್ನು ಸುಟ್ಟೆ. ಇಂಥದ್ದನ್ನು ಕತ್ತರಿಸಿ ಉಳಿಸಿಕೊಳ್ಳಲು ಹೋಗಬೇಡಿ, ದಯವಿಟ್ಟು.

ಈ ಸಲ ಸತ್ತ ಆರರಲ್ಲಿ ನಾಲ್ಕು ಒಂದೇ ತಳಿಯವು, ಉದ್ದ ಕುತ್ತಿಗೆಯ ಬಿಳಿ ಡೇರೆ. ಅದರ ಉಳಿದ ಎರಡು ಗೆಡ್ಡೆಯನ್ನು ನಿನ್ನೆ ಟ್ರೇಗೆ ಹಾಕಿದ್ದೇನೆ. ಒಂದರ ಕಣ್ಣು ಆಗಲೇ ಸಾಸಿವೆಯಷ್ಟು ಕೆಂಪಗೆ ಎದ್ದಿದೆ. ಚಿಗುರು ಬಂದರೆ ಕಟ್ಟಿಂಗ್ ಮಾಡಿ ಎಲ್ಲವನ್ನೂ ಚಿಕ್ಕ ಕುಂಡಕ್ಕೇ ಹಾಕುತ್ತೇನೆ.