ಮಾತ್ರೆ ಮುಟ್ಟದವರಲ್ಲೂ ಮಾತ್ರೆಗೆ ಬಗ್ಗದ ಎಚ್‌ಐವಿ: ನಾನು ಹುಡುಕುವ ರೀತಿ

ಎಚ್‌ಐವಿಗೆ ಇನ್ನೂ ಒಂದು ಮಾತ್ರೆಯನ್ನೂ ನುಂಗದವರಲ್ಲಿ ಮಾತ್ರೆಗೆ ಬಗ್ಗದ ವೈರಸ್ ಎಲ್ಲಿಂದ ಬರುತ್ತದೆ? ಲ್ಯಾಬ್ ಸೇರಿದ ಹೊಸದರಲ್ಲಿ ನನಗೂ ಇದೇ ಪ್ರಶ್ನೆ ಇತ್ತು. ಸೋಂಕು ಯಾರಿಂದ ಬಂತೋ ಅವರಲ್ಲೇ ಅಂಥ ವೈರಸ್ ಇದ್ದರೆ ಅದೇ ದಾಟಿ ಬರುತ್ತದೆ.

ಕೆಲಸ ಶುರುವಾಗೋದು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನ ರಕ್ತದಿಂದ. ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ಬೇಗ ಬೇರೆ ಮಾಡಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇನೆ. ಆಮೇಲೆ ವೈರಸ್‌ನ ಆರ್‌ಎನ್‌ಎ (ಅದರ ಜೀನ್‌ಗಳ ಬರಹ) ತೆಗೆದು, ಔಷಧಿಗಳು ಗುರಿ ಇಡುವ ಪ್ರೋಟಿಯೇಸ್ ಮತ್ತು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಎಂಜೈಮ್‌ಗಳ ಭಾಗಗಳನ್ನು ಪಿಸಿಆರ್‌ನಲ್ಲಿ (ನಕಲು ಮಾಡುವ ವಿಧಾನ) ಹೆಚ್ಚಿಸಿ ಸ್ಯಾಂಗರ್ ಸೀಕ್ವೆನ್ಸಿಂಗ್ (ಅಕ್ಷರ ಅಕ್ಷರ ಓದುವ ವಿಧಾನ) ಮಾಡುತ್ತೇನೆ. ಇಂಟಿಗ್ರೇಸ್ ಎಂಬ ಇನ್ನೊಂದು ಎಂಜೈಮಿನ ಭಾಗಕ್ಕೆ ನಮ್ಮಲ್ಲಿ ಬೇರೆ ಪಿಸಿಆರ್. ವೈರಲ್ ಲೋಡ್, ಅಂದರೆ ಒಂದು ಎಂಎಲ್ ಪ್ಲಾಸ್ಮಾದಲ್ಲಿರುವ ವೈರಸ್ ಆರ್‌ಎನ್‌ಎ ಪ್ರತಿಗಳು, 1000ಕ್ಕಿಂತ ಕಡಿಮೆ ಇದ್ದರೆ ಎಷ್ಟೋ ಸಲ ಪಿಸಿಆರ್ ಏಳೋದೇ ಇಲ್ಲ.

ಕಷ್ಟ ಇರೋದು ಓದುವುದರಲ್ಲಿ. ಒಂದು ಸ್ಯಾಂಪಲ್‌ನಲ್ಲಿ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸಿನ 215ನೇ ಜಾಗದಲ್ಲಿ ಟಿ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಕೊಂಡಿ) ಇರಬೇಕಿತ್ತು, ಡಿ ಇತ್ತು. ಆ ಡಿ ತಾನಾಗಿ ಔಷಧಿಯನ್ನು ತಡೆಯೋದಿಲ್ಲ, ಹಾಗಾಗಿ ಸುಮ್ನೆ ಬಿಟ್ಟುಬಿಡೋದು ಸುಲಭ. ಆದರೆ ಟಿ ಇಂದ ನೇರವಾಗಿ ಡಿ ಆಗಲು ಜೀನ್‌ನಲ್ಲಿ ಎರಡು ಅಕ್ಷರ ಬದಲಾಗಬೇಕು, ವೈ ಎಂಬ ಇನ್ನೊಂದು ಕೊಂಡಿಯಿಂದ ಆಗಲು ಒಂದೇ ಸಾಕು. ಅಂದರೆ ಈ ವೈರಸ್ ಹಿಂದೆ ಯಾವಾಗಲೋ ಟಿ215ವೈ (215ರಲ್ಲಿ ಟಿ ಬದಲು ವೈ) ಆಗಿತ್ತು, ಜಿಡೋವುಡಿನ್ ಎಂಬ ಎಚ್‌ಐವಿ ಔಷಧಿಯ ಎದುರು ನಿಂತಿತ್ತು, ಔಷಧಿ ಇಲ್ಲದ ದೇಹಕ್ಕೆ ಬಂದ ಮೇಲೆ ಅರ್ಧ ದಾರಿ ಹಿಂದಕ್ಕೆ ನಡೆದಿದೆ ಅಂತ ಅರ್ಥ ಅಲ್ವಾ? ಮತ್ತೆ ವೈ ಆಗಲು ಒಂದೇ ಹೆಜ್ಜೆ. ಅದನ್ನು ರಿಪೋರ್ಟಿನಲ್ಲಿ ಎದ್ದು ಕಾಣುವಂತೆ ಬರೆದೆ.

ಎಂ184ವಿ ಎಂಬ ಇನ್ನೊಂದು ಬದಲಾವಣೆ ಇನ್ನೂ ಬೇಗ ಮರೆಯಾಗುತ್ತದೆ. ಅದು ವೈರಸ್‌ಗೇ ಭಾರ. ಕೆ103ಎನ್ ಹಾಗಲ್ಲ, ವರ್ಷಗಟ್ಟಲೆ ಉಳಿಯಬಹುದು. ಸ್ಯಾಂಗರ್‌ಗೆ ಸ್ಯಾಂಪಲ್‌ನಲ್ಲಿ ಸುಮಾರು ಶೇ. 20ಕ್ಕಿಂತ ಕಡಿಮೆ ಇರುವ ವೈರಸ್ ಬಗೆ ಸರಿಯಾಗಿ ಕಾಣದು. ಅದಕ್ಕೇ ಸಾಫ್ಟ್‌ವೇರ್ ಓದಿದ್ದನ್ನು ನಂಬಿ ಮುಂದೆ ಹೋಗೋದಿಲ್ಲ, ಮುಖ್ಯ ಜಾಗಗಳಲ್ಲಿ ಗ್ರಾಫಿನ ದೊಡ್ಡ ಪೀಕ್ ಕೆಳಗೆ ಸಣ್ಣದೊಂದು ಇದೆಯಾ ಅಂತ ಕಣ್ಣಾರೆ ನೋಡುತ್ತೇನೆ, ಅನುಮಾನ ಬಂದರೆ ಆರ್‌ಎನ್‌ಎಯಿಂದಲೇ ಮತ್ತೆ ಶುರು ಮಾಡುತ್ತೇನೆ.

ವೈದ್ಯರಿಗೆ ಫೋನ್ ಮಾಡಿ ಒಂದು ಮಾತು ಕೇಳುತ್ತೇನೆ: ಇವರು ಹಿಂದೆ ಸೋಂಕು ತಡೆಯೋಕೆ ಅಂತ ಮಾತ್ರೆ ತೆಗೆದುಕೊಂಡಿದ್ದರಾ, ಅಥವಾ ಗರ್ಭಿಣಿಯಾಗಿದ್ದಾಗ ಮಗುವಿಗೆ ದಾಟದಿರಲಿ ಅಂತ ಕೊಟ್ಟಿದ್ದರಾ? "ಚಿಕಿತ್ಸೆ ಪಡೆದಿಲ್ಲ" ಅನ್ನುವವರು ಇದನ್ನು ಚಿಕಿತ್ಸೆ ಅಂತ ಲೆಕ್ಕ ಹಿಡಿದಿರೋದಿಲ್ಲ.

ಸೋಂಕು ಗೊತ್ತಾದ ಕೂಡಲೇ ರಕ್ತ ಕಳಿಸಿ, ತಡವಾದಷ್ಟೂ ಗುರುತು ಮಾಸುತ್ತದೆ. ರಿಪೋರ್ಟ್ ಬರಲಿ ಅಂತ ಮಾತ್ರೆ ಶುರು ಮಾಡೋದನ್ನು ಮಾತ್ರ ಮುಂದೂಡಬೇಡಿ.